ಮಾನಿಟರಿಗೆ ಹಚ್ಚಿದ ವಿಭೂತಿ

ಪದ್ಮಿನಿ,

ಅಜ್ಜೀಪುರಕ್ಕೆ ತಂಗಿ ಮನೆಗೆ ಹೊರಟಿದ್ದೀನಿ. ಒಬ್ಬಳೇ, ಬಸ್ಸಲ್ಲಿ. ನಿನ್ನ ಗಂಡನಿಗೆ ಫೋನ್ ಮಾಡಿ ಗಾಬರಿ ಹುಟ್ಟಿಸಬೇಡ.

ಹಾಲು ಕಾಯಿಸಿಟ್ಟಿದ್ದೀನಿ, ಬೆಕ್ಕಿನ ಮೇಲೆ ಕಣ್ಣಿರಲಿ.

ಕಂಪ್ಯೂಟರಲ್ಲಿ ಆ ನಕ್ಷತ್ರದ ಗೇಮ್ ಮುಚ್ಚೋ ಮೊದಲು ಸೇವ್ ಮಾಡಮ್ಮ. ಮೊನ್ನೆ ನೀನು ಮರೆತಿದ್ದಕ್ಕೆ ನಾನು ಹುಡುಕಿದ ಗ್ರಹವೇ ಕೈತಪ್ಪಿತು.

ಮಾನಿಟರಿಗೆ ಮಾದಪ್ಪನ ವಿಭೂತಿ ಹಚ್ಚಿದವಳು ನಾನೇ, ಒರೆಸಬೇಡ. ಹೊಸ ಗಾಡಿಗೆ ಹಚ್ಚಲ್ವಾ? ಅದೂ ನನಗೆ ಗಾಡಿಯೇ.

ಕಾಲು ಮುರಿದು ಗೋಡೆ ನೋಡುತ್ತ ಮಲಗಿದ್ದವಳನ್ನು "ಏಳಿ ಅತ್ತೆ, ನಕ್ಷತ್ರ ಸುತ್ಕಂಡ್ ಬರಾನ" ಅಂತ ಅದರ ಮುಂದೆ ಕೂರಿಸಿದೆಯಲ್ಲ, ಅವತ್ತೇ ಆ ಆಟಕ್ಕೆ ಮನಸೋತೆ. ಗೆಲ್ಲೋದಿಲ್ಲ, ಸೋಲೋದಿಲ್ಲ, ಹೋದಷ್ಟೂ ದಾರಿ. ನಿನ್ನ ಹೊಟ್ಟೆ ತಣ್ಣಗಿರಲಿ.

ನನ್ನ ಹಡಗು ಬಳೆ ತೊಟ್ಟ ಗ್ರಹದ ಹತ್ತಿರ ನಿಂತಿದೆ. ನಾನು ಬರೋತನಕ ನೀನು ಓಡಿಸು.

ಊರುಗೋಲು ಬಾಗಿಲ ಹಿಂದೆಯೇ ಇದೆ. ಮರೆತು ಹೋದೆ ಅಂದುಕೊಳ್ಳಬೇಡ. ಬೇಕಾಗಲಿಲ್ಲ.

ಅತ್ತೆ