ಎಡಕ್ಕೆ ಹೊಡೆದ ಚೆಂಡು

ಮೇಲೂರು
೧೯-೧-೧೯೫೮

ನಮ್ಮ ಮನೆಯವರಿಗೆ ಅನಸೂಯ ಮಾಡುವ ನಮಸ್ಕಾರಗಳು.

ಕೆಮ್ಮು ಹೇಗಿದೆ? ಆಸ್ಪತ್ರೆಯ ಗಂಜಿ ಗಂಟಲಲ್ಲಿ ಇಳಿಯುತ್ತಿದೆಯೇ? ನಾವಿಲ್ಲಿ ಹೇಗೋ ಇದ್ದೇವೆ. ರೇಷ್ಮೆಹುಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದಿವೆ. ಎಷ್ಟು ಸೊಪ್ಪು ಹಾಕಿದರೂ ಸಾಲದು, ನನ್ನ ತೋಳು ಬಿದ್ದುಹೋಗಿದೆ. ಹುಳುವಿನ ತಟ್ಟೆಗಳನ್ನು ನಿಮ್ಮ ಬಿಲಿಯರ್ಡ್ಸ್ ಮೇಜಿನ ಮೇಲೆ ಜೋಡಿಸೋಣ ಎಂದು ಅತ್ತೆಯವರದು ಒಂದೇ ವರಾತ. ಕ್ಲಬ್ಬಿನ ಹರಾಜಿನಲ್ಲಿ ಹಿಡಿದು, ಚಿಕ್ಕಬಳ್ಳಾಪುರದಿಂದ ಬಂಡಿಯಲ್ಲಿ ಹೇರಿಸಿ ತಂದ ಮೇಜು, ನಾನು ಒಪ್ಪಲಿಲ್ಲ. "ನಿನಗೂ ಅವನ ಹುಚ್ಚೇ ಹಿಡೀತು ಕಣೇ" ಅಂದರು.

ಹಿಡಿದಿದ್ದು ನಿಜ. ಹುಳು ಜ್ವರಕ್ಕೆ ಕೂತು ಸೊಪ್ಪು ಬೇಡವೆಂದಾಗ, ನೀವು ಮಲಗಿದಲ್ಲಿಂದಲೇ ಬರೆದು ಕಳಿಸಿದ ಪಾಠವನ್ನು ಆ ಮೇಜಿನ ಮೇಲೆ ಆಡಿ ನೋಡಿದೆ. ಬಿಳಿಚೆಂಡಿನ ಎಡಮೈಗೆ ಹೊಡೆಯಬೇಕಾದರೆ ಇಡೀ ಕೋಲನ್ನು ಹಾಗೆಯೇ ಎಡಕ್ಕೆ ಸರಿಸು ಎಂದಿದ್ದಿರಿ. ಸರಿಸಿದೆ. ಹಾಳಾದ್ದು, ಚೆಂಡು ಬಲಕ್ಕೆ ಓಡಿ ಕೆಂಪುಚೆಂಡನ್ನು ಮುಟ್ಟಲೇ ಇಲ್ಲ! ಅದನ್ನು ಬರೆದರೆ ನನ್ನ ಕಣ್ಣೇ ಸೊಟ್ಟ ಎಂದಿರಿ. ಕೋಪ ಬಂತು. ಮುಂದಿನ ಕೈಯನ್ನು ಊರಿದಲ್ಲೇ ಬಿಟ್ಟು, ಹಿಂದಿನ ಕೈಯನ್ನು ಮಾತ್ರ ಒಂದಿಷ್ಟು ಬಲಕ್ಕೆ ಸರಿಸಿದೆ. ಕೋಲಿನ ತುದಿ ತಾನಾಗಿ ಎಡಕ್ಕೆ ತಿರುಗಿತು. ಹೊಡೆದರೆ, ಚೆಂಡು ಗಿರಗಿರನೆ ಸುತ್ತುತ್ತಲೇ ನೇರ ಹೋಗಿ ಕೆಂಪಿಗೆ ತಗುಲಿತು. ಈಗ ಯಾರ ಕಣ್ಣು ಸೊಟ್ಟ, ಹೇಳಿ?

ಇಷ್ಟೆಲ್ಲ ಬರೆಯುವ ನೀವು ಆಪರೇಷನ್ ವಿಷಯ ಮಾತ್ರ ಎತ್ತುವುದಿಲ್ಲ. ಪಕ್ಕೆಲುಬು ತೆಗೆದು ಕ್ಷಯ ಹಿಡಿದ ಶ್ವಾಸಕೋಶವನ್ನು ಕುಗ್ಗಿಸಿದರೆ ಜೀವ ಉಳಿಯುತ್ತದೆ, ಬಲಭುಜ ಮೊದಲಿನಂತೆ ಆಡುವುದಿಲ್ಲ ಎಂದು ಡಾಕ್ಟರು ನನ್ನೆದುರಿಗೇ ಹೇಳಿದರು. "ಕೋಲು ಹಿಡಿಯಾಕಾಗದ ಮೇಲೆ ಇದ್ದೇನು ಮಾಡ್ಲಿ" ಎಂದು ನೀವು ಗೋಡೆ ಕಡೆ ತಿರುಗಿ ಮಲಗಿದಿರಿ. ಮನೆವರೆಗೂ ಬಸ್ಸಿನಲ್ಲಿ ಅತ್ತುಕೊಂಡೇ ಬಂದೆ. ಈಗ ಅಳುವುದಕ್ಕೂ ಸುಸ್ತು.

ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ. ಹೊದ್ದುಕೊಂಡು ಮಲಗಿ.

ಇಂತಿ ನಿಮ್ಮ,
ಅನಸೂಯ

ಮರೆತಿದ್ದೆ: ಮೇಲೆ ಬರೆದದ್ದು ಅರ್ಧ ಸುಳ್ಳು. ಹಾಗೆ ತಗುಲಿದ್ದು ಒಂದೇ ಸಲ. ಆಮೇಲೆ ಎಷ್ಟು ಹೊಡೆದರೂ ತಪ್ಪುತ್ತಿದೆ, ಎಲ್ಲಿ ತಪ್ಪುತ್ತಿದೆಯೆಂದು ನನಗೆ ಕಾಣುತ್ತಿಲ್ಲ. ಅದನ್ನು ನೋಡಲು ಭುಜ ಬೇಡ. ಮೇಜಿನ ಪಕ್ಕ ಕುರ್ಚಿ ಹಾಕಿಟ್ಟಿದ್ದೇನೆ. ನಾನು ಹೊಡೆಯುತ್ತೇನೆ, ನೀವು ಕೂತು ಬೈಯಿರಿ. ಮುಂದಿನ ಸೋಮವಾರ ಡಾಕ್ಟರು ಬಂದು ಕೇಳಿದಾಗ ಹೂಂ ಅನ್ನಿ.