ನಾನು ಮುಟ್ಟಿಯೇ ನೋಡದ ಹೀಟರ್

ಚನ್ನರಾಯಪಟ್ಟಣ, ಡಿಸೆಂಬರ್ ೯, ಮಂಗಳವಾರ

ಸಂಜೆ ಕೊಣನೂರಿನ ಗಿರಾಕಿಯೊಬ್ಬರು ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ: "ಮೇಡಂ, ನೀವು ಕಳ್ಸಿದ್ ಹೀಟರ್ ಆಕುದ್ರೆ ಬಕೀಟ್ ನೀರೇ ಶಾಕ್ ಒಡೀತದೆ." ನಾನು ಕಳಿಸಿದ್ದೆಲ್ಲಿ? ಆರ್ಡರ್ ನನ್ನ ಫೋನಿಗೆ ಬರುತ್ತದೆ, ಮಾಲು ಫ್ಯಾಕ್ಟರಿಯಿಂದ ನೇರ ಅವರ ಮನೆಗೆ ಹೋಗುತ್ತದೆ. ಡಬ್ಬದ ಮೇಲೆ ಮಾತ್ರ ನನ್ನ ಹೆಸರು.

ಆಮೇಲೆ ನೆನಪಾಯಿತು, ಅರಕಲಗೂಡಿನ ಚಿಕ್ಕಮ್ಮನೂ ಮಗಳು ವರ್ಷಾಳ ಬಾಣಂತನಕ್ಕೆ ಅದನ್ನೇ ತರಿಸಿದ್ದಾರೆ. ಫೋನ್ ಮಾಡಿ, ಹಾಕಬೇಡಿ ಎಂದೆ. ನಕ್ಕರು. "ನೀನು ನೋಡ್ದೆ ಕಳಿಸ್ತೀಯೇನವ್ವ? ನಿನ್ನ ಎಸ್ರು ನೋಡೇ ತರ್ಸಿದ್ದು ಕಣವ್ವ, ಮಲ್ಕ."

ಈಗ ಅವರ ಫೋನ್ ಸ್ವಿಚ್ ಆಫ್, ಮಗು ಎದ್ದೀತೆಂದು. ನಮ್ಮನೆಯವರು ಬೈಕ್ ತೆಗೆಯುತ್ತಿದ್ದಾರೆ. ಬಾಣಂತಿಗೆ ನೀರು ಕಾಯಿಸಲು ಚಿಕ್ಕಮ್ಮ ಕತ್ತಲಿರುವಾಗಲೇ ಏಳುತ್ತಾರೆ. ನಾವು ಹೋಗಿ ಮುಟ್ಟುವಷ್ಟರಲ್ಲಿ...