ಬೀರುವಿನೊಳಗಿನ ಟ್ರಂಪೆಟ್

ಮನೆಯಿಂದ,
ಸೋಮವಾರ, ಮಾರ್ಚ್ ೯

ಪ್ರೀತಿಯ ತುತ್ತೂರಿ ಯಜಮಾನರಿಗೆ,

ತುಟಿ ಒಡೆದದ್ದು ಮಾಯಿತೇ? ಬ್ಯಾಂಡಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಬೇಡಿ, ಗಾಳಿಗೆ ಮತ್ತೆ ಒಡೆಯುತ್ತದೆ. ಡಬ್ಬಿಯಲ್ಲಿಟ್ಟ ಬೆಣ್ಣೆ ತುಟಿಗೆ ಹಚ್ಚಲು, ತಿಂದು ಮುಗಿಸಲು ಅಲ್ಲ. ನಾನು ಆರಾಮ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

ಇವತ್ತು ಬೆಳಿಗ್ಗೆ ರೇಡಿಯೋದವರೊಬ್ಬರು ಬಂದಿದ್ದರು. ನಿಮ್ಮ ಮೇಲೆ ಅರ್ಧ ಗಂಟೆಯ ಕಾರ್ಯಕ್ರಮವಂತೆ! ಇಷ್ಟು ವರ್ಷ ಹಿಂದಿನ ಸಾಲಿನಲ್ಲಿ ಕೂತು ಜಾಝ್ ನುಡಿಸಿದಿರಿ. ಒಂದು ರೆಕಾರ್ಡಿನ ಮೇಲೂ ನಿಮ್ಮ ಹೆಸರಿಲ್ಲ, ಚಪ್ಪಾಳೆಯೆಲ್ಲ ಮುಂದೆ ನಿಂತು ಟ್ರಂಪೆಟ್ ನುಡಿಸುವ ಆ ಟೊಪ್ಪಿಯವರಿಗೇ. ಈಗಲಾದರೂ ಇವರು ಕಣ್ಣು ಬಿಟ್ಟರಲ್ಲ ಎಂದು ಹಿಗ್ಗಿ ಹೀರೇಕಾಯಿಯಾದೆ. ಕುರ್ಚಿ ಒರೆಸಿ ಕೂರಿಸಿ ಚಹಾ ಕೊಟ್ಟೆ.

ಅವರು ಮೈಕು ಹಿಡಿದು, ಯಜಮಾನ್ರು ನುಡಿಸಿದ್ರಲ್ಲಿ ನಿಮಗೆ ತುಂಬಾ ಇಷ್ಟ ಯಾವ್ದಮ್ಮಾ, ಎಂದರು. ನಾನು ಯೋಚಿಸಲೇ ಇಲ್ಲ. ಅಡುಗೆ ಮಾಡುವಾಗ ಸದಾ ಹಾಕುವ ಆ ರೆಕಾರ್ಡು ಇದೆಯಲ್ಲ, ಅದರಲ್ಲಿ ಮೇಲೆ ಮೇಲೆ ಏರುವ ಟ್ರಂಪೆಟ್ಟನ್ನು ಲಲಲಾ ಎಂದು ಹಾಡಿಯೇಬಿಟ್ಟೆ. ಅವರು ತಲೆ ತಗ್ಗಿಸಿದರು. "ಅಮ್ಮಾ, ಅದು ಟೊಪ್ಪಿಯವರು. ನಿಮ್ಮೋರು ಅದರ ಕೆಳಗಡೆ, ತಗ್ಗಿದ ದನೀಲಿ ನುಡಿಸ್ತಾರೆ." ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನೋಡಿ.

ಆ ರೆಕಾರ್ಡು ಹಾಕಿದಾಗಲೆಲ್ಲ, ಎಷ್ಟು ಚೆನ್ನಾಗಿ ನುಡಿಸಿದೀರಿ ರೀ, ಎನ್ನುತ್ತಿದ್ದೆ. ನೀವು ಹೂಂ ಎಂದು ಬೂಟು ಒರೆಸುತ್ತಿದ್ದಿರಿ. ಒಂದು ಸಲವಾದರೂ, ಅದು ನಾನಲ್ಲ ಕಣೇ, ಎನ್ನಬಾರದಿತ್ತೇ? ಹೋಗಲಿ ಬಿಡಿ. ತಪ್ಪು ನನ್ನದು, ಬೈಗುಳ ನಿಮಗೆ. ನಾಚಿಕೆಯಾದಾಗ ನನ್ನ ಬಾಯಿ ಜೋರಾಗುವುದು ನಿಮಗೆ ಗೊತ್ತೇ ಇದೆ.

ಅವರು ಆ ರೆಕಾರ್ಡನ್ನೇ ಹಾಕಿಸಿದರು. ಈ ಸಲ ಮೇಲಿನದನ್ನು ಬಿಟ್ಟು ಕೆಳಗಿನದಕ್ಕೆ ಕಿವಿ ಕೊಟ್ಟೆ. ಅಯ್ಯೋ, ಆ ದನಿ ನನಗೆ ಚೆನ್ನಾಗಿ ಗೊತ್ತು! ಮೇಲಿನ ಮನೆಯವರು ನೆಲ ಕುಟ್ಟುತ್ತಾರೆಂದು ನಾನೇ ನಿಮ್ಮನ್ನು ಬೀರುವಿನ ಮುಂದೆ ನಿಲ್ಲಿಸಿದೆನಲ್ಲ. ಚಳಿಗಾಲದ ಕೋಟುಗಳ ನಡುವೆ ಟ್ರಂಪೆಟ್ಟಿನ ಬಾಯಿ ತುರುಕಿ ದಿನವೂ ನುಡಿಸುತ್ತಿದ್ದಿರಿ. ಆ ಮೆತ್ತನೆಯ ದನಿಯೇ ಅಲ್ಲಿತ್ತು. ಇದು ಬೇರೆ ಯಾರಿಗೂ ಬರಲ್ಲ, ಎಲ್ಲಿ ಕಲಿತ್ರೋ, ಎಂದರು ರೇಡಿಯೋದವರು. ಬೀರು ಅವರ ಬೆನ್ನ ಹಿಂದೆಯೇ ಇತ್ತು. ನಾನು ಅವರ ಲೋಟಕ್ಕೆ ಇನ್ನಷ್ಟು ಚಹಾ ಸುರಿದೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಾನಂತೂ ಗಿಡವನ್ನು ಬೀರುವಿನಲ್ಲೇ ಇಟ್ಟು ಬಾಗಿಲು ಮುಚ್ಚಿದ್ದೆ.

ನಾನು ಹಾಡಿದ್ದನ್ನು ತೆಗೆದುಹಾಕುತ್ತಾರಂತೆ. ನೀವು ಬಂದ ಮರುದಿನ ಮತ್ತೆ ಬಂದು ಅದೇ ಪ್ರಶ್ನೆ ಕೇಳುತ್ತಾರೆ. ಮಗಳಿಗೆ ಹೇಳಬೇಡಿ, ವರ್ಷವಿಡೀ ನಕ್ಕಾಳು. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಹುಷಾರಾಗಿ ಬನ್ನಿ.

ಇಂತಿ ನಿಮ್ಮ,
ಕಿವುಡಿ

ಮರೆತಿದ್ದೆ: ಬೀರು ಖಾಲಿ ಮಾಡಿದ್ದೇನೆ. ಕೋಟುಗಳು ಮಂಚದ ಕೆಳಗಿವೆ. ಬಂದವರೇ ಕಿಟಕಿ ತೆರೆದು ರೆಕಾರ್ಡಿನ ಆ ಕೆಳಗಿನ ದನಿಯನ್ನು ಒಮ್ಮೆ ಜೋರಾಗಿ ನುಡಿಸಿ. ಮೇಲಿನ ಮನೆಯವರು ಎಷ್ಟು ಬೇಕಾದರೂ ಕುಟ್ಟಿಕೊಳ್ಳಲಿ. ಈ ಸಲ ನಾನು ನಿಮ್ಮದನ್ನೇ ಹಾಡಬೇಕು; ಕೋಟುಗಳಿಲ್ಲದೆ ಅದು ಹೇಗಿರುತ್ತದೆಂದು ನನಗಿನ್ನೂ ಗೊತ್ತಿಲ್ಲ.